ಬ್ರೋಮಿನ್ ಬಣ್ಣ ತೆಂಗಿನೆಣ್ಣೆಯಲ್ಲೇ ಮೊದಲು ಮಾಯವಾಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಕಡಲತಡಿ, ಉಡುಪಿ:
ದ್ವಿತೀಯ ಪಿಯುಸಿ ಮಕ್ಕಳಿಗೆ ಅಪರ್ಯಾಪ್ತ (ಇಂಗಾಲದ ದ್ವಿಬಂಧವಿರುವ) ಸಂಯುಕ್ತಗಳ ಸಂಕಲನ ಕ್ರಿಯೆಯ, ಅಂದರೆ ದ್ವಿಬಂಧಕ್ಕೆ ಬ್ರೋಮಿನ್ ಸೇರಿ ಅದರ ಬಣ್ಣ ಹೋಗುವ ಕ್ರಿಯೆಯ, ವೇಗವನ್ನು ಹೋಲಿಸಿ ತೋರಿಸಬೇಕು. ತೆಂಗಿನೆಣ್ಣೆ, ನೆಲಗಡಲೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ತಲಾ 2 ಮಿ.ಲೀ. ತೆಗೆದುಕೊಂಡು, 5 ಮಿ.ಲೀ. ಬ್ರೋಮಿನ್ ನೀರು ಹಾಕಿ ಕುಲುಕಿದೆ. ಸೂರ್ಯಕಾಂತಿ ಮೊದಲು, ತೆಂಗಿನೆಣ್ಣೆ ಕೊನೆಗೆ ಎಂದು ಮಕ್ಕಳಿಗೆ ಹೇಳಿಯೂ ಬಿಟ್ಟಿದ್ದೆ. ಮೂರರಲ್ಲೂ ಅರ್ಧ ನಿಮಿಷದೊಳಗೆ ನೀರು ತಿಳಿಯಾಯಿತು; ಎರಡು ಸಲ ತೆಂಗಿನೆಣ್ಣೆಯದೇ ಮೊದಲು! ಎಣ್ಣೆ ಕಲಬೆರಕೆಯಲ್ಲ, ಗಾಣದಿಂದ ನಾನೇ ತಂದದ್ದು.

ಪ್ರನಾಳ, ಸುರತ್ಕಲ್:
ಮೇಡಂ, ಎಣ್ಣೆಯ ಮೇಲಿನ ಅನುಮಾನ ಬಿಡಿ. ಕುಲುಕಿದ ಕೂಡಲೇ ಪ್ರನಾಳವನ್ನು ನೆಟ್ಟಗೆ ನಿಲ್ಲಿಸಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಮೇಲಿನ ಎಣ್ಣೆಯ ಪದರ ಯಾವ ಬಣ್ಣದಲ್ಲಿದೆ?

ಕಡಲತಡಿ:
ಈಗ ನೋಡಿದೆ. ತೆಂಗಿನೆಣ್ಣೆಯ ಪದರ ಕಿತ್ತಳೆ, ಕೆಳಗಿನ ನೀರು ಮಾತ್ರ ತಿಳಿ. ಸೂರ್ಯಕಾಂತಿಯ ಪದರ ಎಣ್ಣೆಯ ಸ್ವಂತ ಬಣ್ಣದಲ್ಲೇ ಇದೆ.

ಪ್ರನಾಳ:
ಅಲ್ಲೇ ಇದೆ ಉತ್ತರ. ತೆಂಗಿನೆಣ್ಣೆಯಲ್ಲಿ ಬ್ರೋಮಿನ್ ಕ್ರಿಯೆಗೆ ಒಳಗಾಗಿಲ್ಲ, ನೀರು ಬಿಟ್ಟು ಎಣ್ಣೆಗೆ ಹೋಗಿ ಕುಳಿತಿದೆ. ನೀರಿಗಿಂತ ಎಣ್ಣೆಯಲ್ಲಿ ಅದು ಚೆನ್ನಾಗಿ ಕರಗುತ್ತದೆ. ನೀವು ಅಳೆದದ್ದು ಕುಲುಕಿದ ರಭಸವನ್ನು!

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹೆಚ್ಚು ಬ್ರೋಮಿನ್ ಹೀರುವುದು ಬೇರೆ, ಬೇಗ ಹೀರುವುದು ಬೇರೆ. ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ 6ರಿಂದ 11, ಸೂರ್ಯಕಾಂತಿಯದು 120–140ರ ಆಸುಪಾಸು. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಲೆಕ್ಕ ಅದು. ವೇಗದ ಬಗ್ಗೆ ಏನೂ ಹೇಳುವುದಿಲ್ಲ. ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ಓಲಿಯಿಕ್ ಇರಲಿ, ಲಿನೋಲಿಯಿಕ್ ಇರಲಿ, ದ್ವಿಬಂಧದ ಸುತ್ತಣ ರಚನೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದೊಂದು ದ್ವಿಬಂಧದ ವೇಗವೂ ಹೆಚ್ಚುಕಡಿಮೆ ಒಂದೇ ಇರಬೇಕು.

ಹೀಗೆ ಮಾಡಿ: ಸೈಕ್ಲೋಹೆಕ್ಸೇನ್ ಮತ್ತು ಗ್ಲೇಸಿಯಲ್ ಅಸಿಟಿಕ್ ಆಮ್ಲವನ್ನು ಸಮಸಮ ಬೆರೆಸಿ, ಅದರಲ್ಲಿ ಎಣ್ಣೆ ಕರಗಿಸಿ. ಆಗ ಪದರಗಳ ಗೊಡವೆಯೇ ಇಲ್ಲ. ದ್ವಿಬಂಧಗಳ ಸಂಖ್ಯೆ ಸಮನಾಗಲು ಸೂರ್ಯಕಾಂತಿ 0.1 ಗ್ರಾಂ ಆದರೆ ತೆಂಗಿನೆಣ್ಣೆ ಸುಮಾರು 1.6 ಗ್ರಾಂ ಬೇಕು. ಅದೇ ದ್ರಾವಕದಲ್ಲಿ ಕರಗಿಸಿದ ತೆಳು ಬ್ರೋಮಿನ್ ಹಾಕಿ. ಎಣ್ಣೆಯಿಲ್ಲದ ಒಂದು ಪ್ರನಾಳವೂ ಜೊತೆಗಿರಲಿ. ನಮ್ಮ ಸೆಖೆಗೆ ಬ್ರೋಮಿನ್ ಸುಮ್ಮನೆ ಹಾರಿಹೋಗುತ್ತದೆ. ಎಲ್ಲವೂ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ, ಕೈಗವಸು ಹಾಕಿಕೊಂಡೇ. ಚೆಲ್ಲಿದ ಬ್ರೋಮಿನ್ ಅನ್ನು ನಿಷ್ಕ್ರಿಯಗೊಳಿಸುವ ಥಯೋಸಲ್ಫೇಟ್ ದ್ರಾವಣ ಕೈಗೆಟಕುವಲ್ಲಿರಲಿ.

ನೇತ್ರಾವತಿ, ಮಂಗಳೂರು:
ಪ್ರನಾಳಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದನ್ನು ಮರೆಯಬೇಡಿ. ಕಿಟಕಿಯ ಬಿಸಿಲು ಬಿದ್ದರೆ ಸಂಕಲನದ ಜೊತೆಗೆ ಆದೇಶನ ಕ್ರಿಯೆಯೂ (ಹೈಡ್ರೋಜನ್ ಜಾಗಕ್ಕೆ ಬ್ರೋಮಿನ್ ಬರುವುದು) ಶುರುವಾಗಿ, ಸೈಕ್ಲೋಹೆಕ್ಸೇನ್ ಕೂಡ ಬ್ರೋಮಿನ್ ತಿನ್ನುತ್ತದೆ.

ವೇಗದ ವ್ಯತ್ಯಾಸ ನಿಜವಾಗಿ ಕಾಣಬೇಕಾದರೆ ಎಣ್ಣೆಗಳು ಸಾಲವು. ಸೈಕ್ಲೋಹೆಕ್ಸೀನ್ ಮತ್ತು ಸಿನ್ನಮಿಕ್ ಆಮ್ಲ ಇಡಿ. ಬ್ರೋಮಿನ್‌ಗೆ ಬೇಕಾದದ್ದು ದ್ವಿಬಂಧದ ಎಲೆಕ್ಟ್ರಾನುಗಳು. ಸಿನ್ನಮಿಕ್‌ನ ಕಾರ್ಬಾಕ್ಸಿಲ್ ಗುಂಪು ಅವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೀಥೈಲ್ ಗುಂಪುಗಳದ್ದು ತದ್ವಿರುದ್ಧ: ಎಥಿಲೀನ್‌ನ ನಾಲ್ಕೂ ಹೈಡ್ರೋಜನ್ನುಗಳ ಜಾಗಕ್ಕೆ ಮೀಥೈಲ್ ಬಂದರೆ ಮೆಥನಾಲ್‌ನಲ್ಲಿ ವೇಗ ಸುಮಾರು ಹತ್ತು ಲಕ್ಷ ಪಟ್ಟಾಗುತ್ತದೆ. ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಸ್ವಲ್ಪ ಹೊತ್ತು ಹಾಗೇ ಬಿಡಿ, ಮಕ್ಕಳು ನೋಡಲಿ.

ಕಡಲತಡಿ:
ಇವತ್ತು ಮಾಡಿದೆ. ನೆಲಗಡಲೆ, ಸೂರ್ಯಕಾಂತಿ ಎರಡೂ ಜೊತೆಜೊತೆಯಾಗಿ ತಿಳಿಯಾದವು. ಸೈಕ್ಲೋಹೆಕ್ಸೀನ್‌ನಲ್ಲಿ ಹನಿ ಬಿದ್ದಲ್ಲೇ ಬಣ್ಣ ಮಾಯ. ಸಿನ್ನಮಿಕ್ ಆಮ್ಲದ್ದು ತರಗತಿ ಮುಗಿಯುವಾಗಲೂ ಹಳದಿ. ಆದರೆ ತೆಂಗಿನೆಣ್ಣೆ ಇನ್ನೂ ಹಿಂದೆ ಬೀಳುತ್ತಿದೆ. ದ್ವಿಬಂಧ ಸಮನಾಗಿದ್ದರೂ ಹೀಗೇಕೆ?

ಪ್ರನಾಳ:
ಒಂದೂವರೆ ಗ್ರಾಂ ಹೆಚ್ಚುವರಿ ಎಣ್ಣೆ ಸೇರಿದಾಗ ದ್ರಾವಕದ ಧ್ರುವೀಯತೆ (ಅಣುವಿನೊಳಗಿನ ವಿದ್ಯುದಾವೇಶದ ಅಸಮ ಹಂಚಿಕೆ) ತಗ್ಗುತ್ತದೆ, ಒಟ್ಟು ಗಾತ್ರವೂ ಹಿಗ್ಗುತ್ತದೆ. ಎರಡೂ ಈ ಕ್ರಿಯೆಯನ್ನು ನಿಧಾನಗೊಳಿಸುತ್ತವೆ. ಉಳಿದ ಪ್ರನಾಳಗಳಿಗೂ ಒಂದೂವರೆ ಮಿ.ಲೀ.ಯಷ್ಟು ಸೈಕ್ಲೋಹೆಕ್ಸೇನ್ ಹೆಚ್ಚಾಗಿ ಹಾಕಿ ನೋಡಿ, ಅಂತರ ಬಹುಪಾಲು ಕರಗಬೇಕು.