ಹೊತ್ತು ತಪ್ಪದೆ ಬರುವ ತಲೆನೋವು: ಅನುಭವ ಇದ್ದವರು ಹೇಳಿ

ಕೋಲಾರದಿಂದ ಪ್ರಶ್ನೆ:
ನಮ್ಮ ಯಜಮಾನರು ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಮಲಗಿ ಒಂದೆರಡು ಗಂಟೆಗೆ ಬಲಗಣ್ಣಿನ ಹಿಂದೆ ನೋವು ಎದ್ದು ಎಚ್ಚರವಾಗುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದೆ, ಅಂಗಳದಲ್ಲಿ ಓಡಾಡುತ್ತಾರೆ. ನನಗೂ ಮೈಗ್ರೇನ್ ಇದೆ, ಆದರೆ ಇದು ಬೇರೆ ಥರ. ಏನು ಮಾಡಲಿ?

ತುಮಕೂರಿನಿಂದ:
ಅಕ್ಕಾ, ಓದುತ್ತಿದ್ದಂತೆ ನಮ್ಮ ಅಣ್ಣ ಕಣ್ಮುಂದೆ ಬಂದ. ಅವನಿಗಿರುವುದು ಕ್ಲಸ್ಟರ್ ತಲೆನೋವು. ನಿಮ್ಮವರಿಗೂ ಅದೇ ಅಂತ ಡಾಕ್ಟರೇ ಹೇಳಬೇಕು. ಮೈಗ್ರೇನ್ ಬಂದವರು ಕತ್ತಲೆಯಲ್ಲಿ ಸುಮ್ನೆ ಮಲಗುತ್ತಾರೆ, ಅಲ್ವಾ? ಇದು ಬಂದವರಿಗೆ ಕೂತಲ್ಲಿ ಕೂರಲು ಆಗಲ್ಲ. ಕಾಲು ಗಂಟೆಯಿಂದ 3 ಗಂಟೆಯವರೆಗೂ ಹಿಂಡುತ್ತದೆ. ಮಿದುಳಿನ ಹೈಪೋಥಲಾಮಸ್‌ನಲ್ಲೇ ನಿದ್ದೆ, ಎಚ್ಚರದ ಗಡಿಯಾರ ಇರುವುದು. ಈ ನೋವಿನಲ್ಲಿ ಅದರ ಕೈವಾಡವೂ ಇದೆ. ಅದಕ್ಕೇ ಹೆಚ್ಚಿನವರಿಗೆ ದಿನಾ ಅದೇ ಹೊತ್ತಿಗೆ, ಕೆಲವರಿಗೆ ವರ್ಷವೂ ಅದೇ ಕಾಲಕ್ಕೆ ಬರುತ್ತದೆ.

ಅಣ್ಣನಿಗೆ ಹಲ್ಲು ಕೀಳಿಸಿದ್ದೂ ಆಯಿತು, ಸೈನಸ್ ಮಾತ್ರೆ ನುಂಗಿಸಿದ್ದೂ ಆಯಿತು. ನೋವು ಬಂದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಬರೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಒಯ್ದ ಮೇಲೆಯೇ ಕಾಯಿಲೆಯ ಹೆಸರು ತಿಳಿದದ್ದು. ನೀವೂ ಇವತ್ತಿನಿಂದಲೇ ಬರೆದಿಡಿ. ನೋವು ಶುರುವಾದ ತಕ್ಷಣ ಮಾಸ್ಕ್ ಹಾಕಿ ನಿಮಿಷಕ್ಕೆ 12ರಿಂದ 15 ಲೀಟರ್ ಆಕ್ಸಿಜನ್ ಕೊಟ್ಟರೆ ಅಣ್ಣನಿಗೆ ಕಾಲು ಗಂಟೆಯಲ್ಲಿ ಇಳಿಯುತ್ತದೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತರಿಸಿ, ಸಿಲಿಂಡರ್ ಹತ್ತಿರ ಬೀಡಿ, ಬೆಂಕಿ ಬೇಡ. ತಡೆಯಲು ವೆರಪಮಿಲ್ ಮಾತ್ರೆ ಇದೆ, ಅದಕ್ಕೆ ಆಗಾಗ ಇಸಿಜಿ ಬೇಕು. ನೋವು ದಿನಾ ಬರುವ ಕಾಲ ನಡೆಯುವಾಗ ಕುಡಿತ ಪೂರ್ತಿ ಬಿಡಬೇಕು. ಅಣ್ಣನಿಗೆ ಮಧ್ಯಾಹ್ನ ಕಣ್ಣು ಮುಚ್ಚಿದರೂ ನೋವು ಬರುತ್ತಿತ್ತು.

ಶಿಡ್ಲಘಟ್ಟದಿಂದ:
ನನ್ನದು ನಿಮ್ಮ ಹಾಗೆ ಮೈಗ್ರೇನ್ ಅಕ್ಕಾ, ಅದರ ಬಗ್ಗೆ ಹೇಳುತ್ತೇನೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕು, ನಿದ್ದೆ ಕೆಡುತ್ತದೆ. ಆದರೆ ತಲೆ ಸಿಡಿಯುತ್ತಿದ್ದದ್ದು ಹುಳವನ್ನು ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಟ್ಟ ಮೇಲೆ, ಹೊತ್ತೇರುವವರೆಗೆ ಮಲಗಿದ ದಿನ. ಈಗ ರಾತ್ರಿ ಎಷ್ಟೇ ತಡವಾದರೂ ಏಳುವುದು ಒಂದೇ ಹೊತ್ತಿಗೆ, ಎದ್ದು ಸ್ವಲ್ಪ ಬಿಸಿಲಿಗೆ ನಿಲ್ಲುತ್ತೇನೆ. ಸಂಜೆ ಮೇಲೆ ಕಾಫಿ ಇಲ್ಲ. ನೋವು ಪೂರ್ತಿ ಹೋಗಿಲ್ಲ, ಮೊದಲಿನಷ್ಟು ಬರಲ್ಲ. ನೋವಿನ ಮಾತ್ರೆ ಮಾತ್ರ ಲೆಕ್ಕವಿಲ್ಲದೆ ನುಂಗಬೇಡಿ. ತಿಂಗಳಿಗೆ 10-15 ದಿನದಂತೆ ತಿಂಗಳುಗಟ್ಟಲೆ ತಿಂದರೆ ಮಾತ್ರೆಯಿಂದಲೇ ತಲೆನೋವು ಜಾಸ್ತಿಯಾಗುತ್ತದೆ.

ಹಿಂದೆಂದೂ ಕಾಣದ ನೋವು ಒಮ್ಮೆಲೇ ಬಡಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ. ಯಜಮಾನರ ಶಿಫ್ಟ್ ವಾರವಾರ ಬದಲಾಗುತ್ತಿದ್ದರೆ ಡಾಕ್ಟರಿಂದ ಚೀಟಿ ಬರೆಸಿ ಒಂದೇ ಶಿಫ್ಟ್ ಕೇಳಲು ಹೇಳಿ.