ಸಹಾಯ ಬೇಕು: ಇಇಜಿಯಿಂದ ಪ್ರಜ್ಞೆಯ ಪರೀಕ್ಷೆ ಮಾಡಿಸಿದವರು ಇದ್ದೀರಾ?

ತಲೆಗೆ ಪೆಟ್ಟಾದ ಮೇಲೆ ಅಣ್ಣ ಕಣ್ಣು ಬಿಡುತ್ತಾನೆ, ಆದರೆ ಹೇಳಿದ್ದಕ್ಕೆ ಬೆರಳೂ ಆಡಿಸುವುದಿಲ್ಲ. ಮಾಮೂಲಿ ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಆಗಿದೆ. ಅಲೆಗಳು ನಿಧಾನ, ಫಿಟ್ಸ್ ಇಲ್ಲ ಅಂದರು.

ನಾನು ಕೇಳುತ್ತಿರುವುದು ಅದಲ್ಲ. ಇಯರ್‌ಫೋನಿನಲ್ಲಿ ‘ಬಲಗೈ ಮುಚ್ಚಿ ತೆರೆಯಿರಿ’, ‘ಈಗ ನಿಲ್ಲಿಸಿ’ ಎಂದು ಮತ್ತೆ ಮತ್ತೆ ಹೇಳಿ, ಎರಡೂ ಹೊತ್ತಿನ ಅಲೆಗಳಲ್ಲಿ ವ್ಯತ್ಯಾಸ ಇದೆಯಾ ಎಂದು ಕಂಪ್ಯೂಟರ್‌ನಲ್ಲಿ ಅಳೆಯುವ ಪರೀಕ್ಷೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಗೆ ಸ್ಪಂದಿಸದ 241 ಜನರಲ್ಲಿ 60 ಮಂದಿಯ ಮಿದುಳು ಇಇಜಿ ಅಥವಾ ಎಫ್‌ಎಂಆರ್‌ಐನಲ್ಲಿ (ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಹೀಗೆ ಸ್ಪಂದಿಸಿತ್ತು. ಆದರೆ ಹೇಳಿದ ಹಾಗೆ ಮಾಡಬಲ್ಲ 112 ಜನರಲ್ಲೂ ಅದು ಕಂಡಿದ್ದು 43 ಮಂದಿಯಲ್ಲಷ್ಟೇ! ಅಂದರೆ ‘ಏನೂ ಕಾಣಲಿಲ್ಲ’ ಎಂದ ಮಾತ್ರಕ್ಕೆ ಪ್ರಜ್ಞೆ ಇಲ್ಲ ಅಂತಲ್ಲ. (ಮನೆಯವರಿಗೆ ಇದನ್ನು ಅರ್ಥ ಮಾಡಿಸೋದೇ ಕಷ್ಟವಾಗಿದೆ.)

ಮಾಡಿಸಿದವರು, ಮಾಡುವ ನ್ಯೂರಾಲಜಿ ವೈದ್ಯರು, ಟೆಕ್ನಿಷಿಯನ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಿದ್ರೆ ಬರಿಸುವ ಔಷಧಿ ನಡೆಯುತ್ತಿರುವಾಗ ಫಲಿತಾಂಶ ನಂಬಬಹುದಾ? ಎಷ್ಟು ಸಲ, ದಿನದ ಯಾವ ಹೊತ್ತಲ್ಲಿ ಮಾಡಿಸಿದಿರಿ? ಶಬ್ದ, ಮಾತು, ಸ್ಪರ್ಶಕ್ಕೆ ರೋಗಿ ಹೇಗೆ ಸ್ಪಂದಿಸುತ್ತಾರೆ ಎಂದು ನೋಡಿ ಅಂಕ ಕೊಡುವ, ಹಾಸಿಗೆ ಪಕ್ಕದಲ್ಲೇ ಮಾಡುವ ಸಿಆರ್‌ಎಸ್-ಆರ್ ಪರೀಕ್ಷೆಯನ್ನು ಇನ್ನೂ ಕೆಲವು ಸಲ ಮಾಡಿ ಎಂದು ವೈದ್ಯರನ್ನು ಕೇಳಿಕೊಂಡಿದ್ದೇನೆ. ಸಮಾಧಾನದ ಮಾತು ಸಾಕಷ್ಟು ಸಿಕ್ಕಿದೆ, ಬೇಜಾರಾಗಬೇಡಿ, ಈಗ ಬೇಕಿರುವುದು ಅನುಭವ ಇರುವವರ ಉತ್ತರ.