ಮೋಲ್ಡ್‌ಗೆ ಮುಂಚೆ ವಯರಿಂಗ್ ಫೋಟೋ: ಏನೇನು ತೆಗೆದಿಟ್ಟುಕೊಳ್ಳಬೇಕು?

ಕೇಳಿದವರು, ತುಮಕೂರು: 30×40 ಸೈಟು, ಗ್ರೌಂಡ್ ಫ್ಲೋರ್. ಭಾನುವಾರ ಮೋಲ್ಡ್, ಅಂದ್ರೆ ಛಾವಣಿಗೆ ಕಾಂಕ್ರೀಟ್. ಸೆಂಟ್ರಿಂಗ್ ಮೇಲೆ ಪೈಪು, ಫ್ಯಾನ್ ಬಾಕ್ಸು ಕಟ್ಟಿ ಆಗಿದೆ. ಕಾಂಕ್ರೀಟ್ ಬಿದ್ದಮೇಲೆ ಏನೂ ಕಾಣಲ್ಲ. ಯಾವ ಯಾವ ಫೋಟೋ ಬೇಕಾಗುತ್ತೆ? ಮಾಡಿಸಿರೋರು ಹೇಳಿ.

ವಯರಿಂಗ್ ಗುತ್ತಿಗೆದಾರ, ಹಾಸನ: ಫೋಟೋ ಎಲ್ಲರೂ ತೆಗೀತಾರೆ. ಆರು ತಿಂಗಳಾದಮೇಲೆ ನೋಡಿದ್ರೆ ಯಾವ ರೂಮು ಅಂತಲೇ ಗೊತ್ತಾಗಲ್ಲ, ಕಂಬಿ ಜಾಲರಿ ಎಲ್ಲಾ ಕಡೆ ಒಂದೇ ಥರ. ರಟ್ಟಿನ ಮೇಲೆ ರೂಮಿನ ಹೆಸರು, ತಾರೀಖು, ಉತ್ತರದ ಬಾಣ ಬರೆದು ಫ್ರೇಮಿನೊಳಗೇ ಇಡಿ. ಪೂರ್ತಿ ರೂಮಿಗೆ ಒಂದು ಫೋಟೋ, ಆಮೇಲೆ ಪ್ರತಿ ಬಾಕ್ಸಿಗೆ ಎರಡು: ಪಕ್ಕದ ಎರಡು ಬೀಮಿನಿಂದಲೂ ಟೇಪ್ ಹಿಡಿದು. ಒಂದೇ ಕಡೆ ಅಳತೆ ಇದ್ರೆ ಬಾಕ್ಸು ಸಿಗಲ್ಲ. ಪೈಪು ಜೋಡಿಸೋ ಕಪ್ಲರ್‌ಗೆ ಸಲ್ಯೂಶನ್ (ಅಂಟು) ಹಚ್ಚಿರೋದು, ಬಾಕ್ಸಿನೊಳಗೆ ಪೇಪರ್ ತುಂಬಿರೋದು ಹತ್ತಿರದಿಂದ ಬರಬೇಕು. ಜಾಯಿಂಟ್ ಸಡಿಲ ಇದ್ರೆ ಸಿಮೆಂಟ್ ಹಾಲು ಇಳಿದು ಪೈಪಿನೊಳಗೆ ಗಟ್ಟಿಯಾಗುತ್ತೆ, ವಯರ್ ಎಳೆಯೋ ಸ್ಪ್ರಿಂಗ್ ಹೋಗಲ್ಲ. ಕಾಂಕ್ರೀಟ್ ಕೂರಿಸೋ ವೈಬ್ರೇಟರ್ ತಾಗಿ ಪೈಪಿನ ಬೆಂಡ್ ಬಿಟ್ಟುಕೊಂಡ್ರೂ ಬೈಗುಳ ನಮಗೇ. ಅದಕ್ಕೇ ಕಾಂಕ್ರೀಟ್ ಸುರಿಯೋವಾಗಿನ ವಿಡಿಯೋನೂ ಇರಲಿ.

ಮನೆ ಕಟ್ಟಿಸಿದವರು, ಮೈಸೂರು: ಮೋಲ್ಡ್ ಫೋಟೋ ಹಿಡಿದು ಕೂತರೆ ಸಾಲದು, ಏಟು ಬೀಳೋದು ಗೋಡೆಯಲ್ಲಿ. ನಮ್ಮ ಅಡುಗೆಮನೆ ಫೋಟೋದಲ್ಲಿ ಗೋಡೆಯ ಅಡ್ಡ ಪೈಪಿನ ಎತ್ತರ ಟೇಪಿನಲ್ಲಿ ಸ್ಪಷ್ಟವಾಗಿ 48 ಇಂಚು ತೋರಿಸ್ತಿತ್ತು. ಆದರೆ ಅದು ಹಸಿ ನೆಲದಿಂದ. ಬೆಡ್ಡು, ಟೈಲ್ಸು ಸೇರಿ ನೆಲ 3 ಇಂಚು ಮೇಲೆ ಬಂತು. ಕಾರ್ಪೆಂಟರ್ ಪೈಪಿನಿಂದ 3 ಇಂಚು ಕೆಳಗೆ ಅಂತ ನಂಬಿ ಟೈಲ್ಸ್ ನೆಲದಿಂದ 45ಕ್ಕೆ ಡ್ರಿಲ್ ಇಟ್ಟರು, ನೇರ ಪೈಪಿಗೇ ಹೋಯ್ತು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 11 ಮೀಟರ್ ಹೊಸದಾಗಿ ಎಳೀಬೇಕಾಯ್ತು. ಒಡೆದಿದ್ದು 2 ಟೈಲ್ಸ್. ಅದೇ ಶೇಡ್ ಸಿಗದೆ ಸಾಲಿನ 9 ಟೈಲ್ಸೂ ಬದಲಾಯ್ತು. ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ) ಗೋಡೆಗೆಲ್ಲಾ ಒಂದು ಗೆರೆ ಹೊಡೆಸಿ, ಅಳತೆಯೆಲ್ಲಾ ಆ ಗೆರೆಯಿಂದಲೇ ಇರಲಿ. ಮುಗಿದ ನೆಲ ಗೆರೆಯಿಂದ ಎಷ್ಟು ಕೆಳಗೆ ಬರುತ್ತೆ ಅಂತಲೂ ಅಲ್ಲೇ ಬರೆಸಿ.

ಸೈಟ್ ಸೂಪರ್‌ವೈಸರ್, ಬೆಂಗಳೂರು: ಮೇಡಂ, ತಪ್ಪು ಫೋಟೋದ್ದಲ್ಲ. ಬಾಕ್ಸಿನಿಂದ ಪೈಪು ನೆಟ್ಟಗೆ ಮೇಲೆ ಹೋಗಬೇಕು. 48 ಇಂಚಿನಲ್ಲಿ ಗೋಡೆಗೆ ಅಡ್ಡ ಎಳೆದವರನ್ನ ಕೇಳಿ. ಇನ್ನು ಫೋಟೋ ವಿಷಯ. ಫೋನಿನ 0.5 (ಅಗಲದ) ಲೆನ್ಸ್ ಬೇಡ, ಅಂಚಿನಲ್ಲಿ ಅಳತೆ ಎಳೆದ ಹಾಗೆ ಕಾಣುತ್ತೆ. 1ರಲ್ಲಿ ಇಟ್ಟು, ಗೋಡೆಗೆ ನೇರ ನಿಂತು ತೆಗೀರಿ. ವಾಟ್ಸಾಪ್‌ನಲ್ಲಿ ಮಾಮೂಲಿ ಕಳಿಸಿದ್ರೆ ಫೈಲು ಕುಗ್ಗುತ್ತೆ, ಒಳಗಿರೋ ತಾರೀಖು, ಜಾಗದ ಮಾಹಿತಿ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ಮೈಸೂರು: ಅಡ್ಡ ಎಳೆದಿದ್ದು ನಮ್ಮ ಗುತ್ತಿಗೆದಾರರು, ನಾನಲ್ಲ. ಪೈಪು ಎಲ್ಲಿ ಹೋದರೂ ಲೆವೆಲ್ ಗೆರೆ ಇಲ್ಲದ ಫೋಟೋ ದಾರಿ ತಪ್ಪಿಸುತ್ತೆ, ಅದನ್ನ ಒಪ್ಕೊಳ್ಳಿ.

ಹಾಸನ: ಗೆರೆ ಹೊಡಿ, ರಟ್ಟು ಇಡು, ಟೇಪ್ ಹಿಡಿ ಅಂತ ಎಲ್ಲರೂ ಹೇಳ್ತೀರಿ. ಪಾಯಿಂಟ್ ರೇಟ್‌ನಲ್ಲಿ (ಒಂದೊಂದು ಸ್ವಿಚ್, ಲೈಟ್ ಪಾಯಿಂಟಿಗೆ ಇಷ್ಟು ಅಂತ ಕೊಡೋ ದುಡ್ಡಲ್ಲಿ) ಇದೆಲ್ಲಾ ಎಲ್ಲಿ ಬರುತ್ತೆ? ಮೂರು ರೂಮಿಗೆ ಇಬ್ಬರು ಹುಡುಗರ ಅರ್ಧ ದಿನ ಹೋಗುತ್ತೆ. ಕೊಟೇಶನ್‌ನಲ್ಲಿ ಬರೆದು ದುಡ್ಡು ಕೊಡಿ, ಚೆನ್ನಾಗಿ ಮಾಡಿಕೊಡ್ತೀವಿ.

ಸೂಪರ್‌ವೈಸರ್: ಅಣ್ಣ, ವಯರಿನ ಇನ್ಸುಲೇಶನ್ ಪರೀಕ್ಷಿಸೋ ಮೆಗ್ಗರ್ ಹಾಕಿದ್ದಕ್ಕೂ ಬೇರೆ ದುಡ್ಡು ಕೇಳ್ತೀರಾ? 500 ವೋಲ್ಟ್‌ನಲ್ಲಿ 1 ಮೆಗಾಓಮ್‌ಗಿಂತ ಕೆಳಗೆ ಬರಬಾರದು. ಮೀಟರಿನ ಮುಖ, ಸರ್ಕ್ಯೂಟ್ ನಂಬರ್ ಎರಡೂ ಒಂದೇ ಫೋಟೋದಲ್ಲಿ ಬರದಿದ್ರೆ ಆ ರೀಡಿಂಗ್ ಯಾವ ಲೈನಿಂದು ಅಂತ ಯಾರು ಹೇಳಬೇಕು?

ಎಲೆಕ್ಟ್ರಿಷಿಯನ್, ಮಂಗಳೂರು: ಅರ್ಥಿಂಗ್ ಗುಂಡಿ ಯಾರೂ ಹೇಳಲಿಲ್ಲ. ಮುಚ್ಚಿದಮೇಲೆ ಕಾಣೋದು ಮುಚ್ಚಳ ಮಾತ್ರ. 600×600 ಮಿ.ಮೀ. ಪ್ಲೇಟಿನ ದಪ್ಪ, ಸ್ಟ್ರಿಪ್ಪಿಗೆ ಹಾಕಿದ ಬೋಲ್ಟು, ಗುಂಡಿ ಆಳ, ಇದ್ದಿಲು ಉಪ್ಪಿನ ಪ್ರತಿ ಪದರ, ಎಲ್ಲಾ ಬೇರೆ ಬೇರೆ ತೆಗೀಬೇಕು.

ಹಾಸನ: ಉಪ್ಪು ಹಾಕ್ತೀರಾ ಇನ್ನೂ? ಜಿಐ (ಸತು ಲೇಪಿಸಿದ ಕಬ್ಬಿಣದ) ಪ್ಲೇಟನ್ನ ಅದೇ ತಿಂದು ಹಾಕುತ್ತೆ.

ಮಂಗಳೂರು: ಹಾಗಾದ್ರೆ ಬೆಂಟೊನೈಟ್ ಜೇಡಿಮಣ್ಣು ಹಾಕಿ, ಮೂಟೆ ಸಮೇತ ಫೋಟೋ ತೆಗೀರಿ. ಆದರೆ ಜುಲೈಯಲ್ಲಿ ನೆಂದ ಮಣ್ಣಿನ ಅರ್ಥ್ ರೆಸಿಸ್ಟೆನ್ಸ್ ರೀಡಿಂಗ್ ತೋರಿಸಿ ಬಿಲ್ ತಗೋಬೇಡಿ. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗಿನದ್ದೂ ಅದೇ ಗುಂಡಿ ನಂಬರಿನ ಜೊತೆ ಇರಬೇಕು.

ಹಾಸನ: ಏಪ್ರಿಲ್‌ಗೆ ಮತ್ತೆ ಸೈಟಿಗೆ ಹೋಗೋ ಬಸ್ ಚಾರ್ಜ್ ಯಾವ ಪಾಯಿಂಟಿಗೆ ಹಾಕಲಿ, ಅದನ್ನೂ ಹೇಳಿ.